ಬೆಟ್ಟದ ಹೆಸರು ಹೇಳದ ಹರಕೆ

ಪದ್ಮ ಮೊದಲ ಮೆಟ್ಟಿಲಿಗೆ ಅರಿಸಿನ ಬಳಿದು, ನಡುವೆ ಕುಂಕುಮವಿಟ್ಟು ಕೈಮುಗಿದಾಗ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅವರ ಗಂಡ ಸತ್ಯನಾರಾಯಣ ಸುತ್ತ ಕಣ್ಣಾಡಿಸಿದರು. ಎಲ್ಲರೂ ನೋಡುತ್ತಿದ್ದರು. ಆಷಾಢ ಶುಕ್ರವಾರ, ಬೆಳಿಗ್ಗೆಯೇ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಸೆಕೆ. ಶಿಕಾಗೋ ಹೊರವಲಯದ ಆ ಗುಡ್ಡದ ಕಲ್ಲುಮೆಟ್ಟಿಲುಗಳ ಮೇಲೆ ಚಡ್ಡಿ ತೊಟ್ಟವರು ವ್ಯಾಯಾಮಕ್ಕೆಂದು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು ನಡೆಸಿದ್ದರು. ಅವರ ನಡುವೆ ರೇಷ್ಮೆ ಸೀರೆಯುಟ್ಟು, ಬರಿಗಾಲಲ್ಲಿ, ಬಟ್ಟಲು ಹಿಡಿದು ಬಗ್ಗಿದವರು ಪದ್ಮ ಒಬ್ಬರೇ.

ಎಲ್ಲ ಶುರುವಾದದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಮಗಳು ವರ್ಷಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ ಮಗು ಗಾಜಿನ ಪೆಟ್ಟಿಗೆ ಸೇರಿದಾಗ, ಪದ್ಮ ಕಣ್ಣುಮುಚ್ಚಿ, "ಮಗೂನ ಮನೆಗೆ ಕಳಿಸು ತಾಯಿ, ಬೆಟ್ಟ ಹತ್ತಿ ಮೆಟ್ಟಿಲಿಗೆಲ್ಲ ಅರಿಸಿನ ಕುಂಕುಮ ಹಚ್ತೀನಿ" ಎಂದು ಹರಕೆ ಹೊತ್ತಿದ್ದರು. ಮೈಸೂರಿನವರಿಗೆ ಬೆಟ್ಟವೆಂದರೆ ಚಾಮುಂಡಿ ಬೆಟ್ಟ. ಹೆಸರು ಹೇಳುವ ವಾಡಿಕೆಯೇ ಇಲ್ಲ. ತಾಯಿ ಮಾತು ಉಳಿಸಿಕೊಂಡಳು, ಮಗು ಮನೆಗೆ ಬಂತು. ಆದರೆ ಮೂಗಿಗೆ ಆಕ್ಸಿಜನ್ ನಳಿಕೆ ಇನ್ನೂ ಇದೆ. ಅದಿಲ್ಲದೆ ಉಸಿರಾಡುತ್ತದೆಯೇ ಎಂದು ಡಾಕ್ಟರು ನೋಡುವುದು ಬರುವ ಸೋಮವಾರ. ಬಾಣಂತಿಯನ್ನು ಬಿಟ್ಟು ಮೈಸೂರಿಗೆ ಹೋಗುವಂತಿಲ್ಲ. ಹರಕೆ ಬಾಕಿಯಿಟ್ಟುಕೊಂಡು ಸೋಮವಾರವನ್ನು ಎದುರಿಸುವ ಧೈರ್ಯ ಪದ್ಮ ಅವರಿಗಿಲ್ಲ.

"ಯಾವ ಬೆಟ್ಟ ಅಂತ ನೀನು ಹೇಳ್ಲೇ ಇಲ್ವಲ್ಲ. ಇಲ್ಲೇ ಒಂದು ಹುಡುಕಿದ್ರಾಯ್ತು" ಎಂದವರು ಸತ್ಯನಾರಾಯಣ. ಇನ್ಶೂರೆನ್ಸ್ ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ಕರಾರಿನಲ್ಲಿ ಸಂದು ಹುಡುಕುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಶಿಕಾಗೋ ಇರುವ ಸಪಾಟು ರಾಜ್ಯ ಇಲಿನಾಯ್‌ನಲ್ಲಿ ಬೆಟ್ಟ ಹುಡುಕುವುದೆಂದರೆ ಬೋಳುತಲೆಯಲ್ಲಿ ಬೈತಲೆ ಹುಡುಕಿದ ಹಾಗೆ. ಫೋನು ತೋರಿಸಿದ, ಎತ್ತರದಿಂದ ಸುತ್ತಲ ನೋಟ ಕಾಣುವ ಮೊದಲನೆಯ 'ಸೀನಿಕ್ ಓವರ್‌ಲುಕ್' ವುಡ್‌ರಿಡ್ಜ್‌ನ ಮಗಳ ಮನೆಗೆ ಹತ್ತಿರವೇ ಇತ್ತು. ಕಾರು ನೆತ್ತಿಯವರೆಗೂ ಹೋಯಿತು, ದೂರದಲ್ಲಿ ಶಿಕಾಗೋದ ಗಗನಚುಂಬಿಗಳೂ ಕಂಡವು. "ಮೆಟ್ಟಿಲೆಲ್ಲಿ?" ಎಂದರು ಪದ್ಮ. ವಿಚಾರಿಸಿದರೆ, ಅದು ಊರ ಕಸ ತುಂಬಿ ಮೇಲೆ ಮಣ್ಣು ಮುಚ್ಚಿದ ಗುಡ್ಡ! ಪದ್ಮ ಕಾರಿನಿಂದ ಇಳಿಯಲೇ ಇಲ್ಲ. ಎರಡನೆಯದು ದೂರದ ನದಿಯಂಚಿನ ಬಂಡೆ. ಅಲ್ಲಿ ಮೆಟ್ಟಿಲುಗಳಿದ್ದವು, ಆದರೆ ಮರದವು. "ಇದಕ್ಕೆ ಹಚ್ಚಿದ್ರೆ ಅಟ್ಟದ ಏಣಿಗೆ ಹಚ್ಚಿದ ಹಾಗಾಗುತ್ತೆ, ನಡೀರಿ" ಎಂದು ಅಲ್ಲಿಂದಲೂ ಹೊರಡಿಸಿದ್ದರು. ಕೊನೆಗೆ ಸಿಕ್ಕಿದ್ದು ಈ ಗುಡ್ಡ. ಮೆಟ್ಟಿಲು ಅಪ್ಪಟ ಕಲ್ಲಿನದು.

ಅರ್ಧ ಹತ್ತಿರಬಹುದು, ಸಮವಸ್ತ್ರ ತೊಟ್ಟ ಪಾರ್ಕಿನ ಕಾವಲಿನವನು ಮೇಲಿನಿಂದ ಇಳಿದು ಬಂದ. ಕಲ್ಲಿಗೆ ಬಣ್ಣ ಬಳಿಯುವಂತಿಲ್ಲ, ಬಳಿದದ್ದನ್ನು ದಯವಿಟ್ಟು ಒರೆಸಿಬಿಡಿ ಎಂದು ಮರ್ಯಾದೆಯಿಂದಲೇ ಹೇಳಿದ.

"ಏನಂತೆ?" ಪದ್ಮ ಕೇಳಿದರು.

"ಒರೆಸ್ಬೇಕಂತೆ."

"ಕುಂಕುಮ ಅಳಿಸೋದಾ? ನನ್ನ ಕೈಯಾರೆ? ಸೋಮವಾರ ಮುಂದಿಟ್ಕೊಂಡು?" ಪದ್ಮ ಅವರ ಕಣ್ಣು ತುಂಬಿತು.

ಸತ್ಯನಾರಾಯಣರಿಗೆ ದೇವರ ಮೇಲಿನ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಆ ಪುಟ್ಟ ಮೂಗು, ಅದಕ್ಕೆ ಅಂಟಿಸಿದ ನಳಿಕೆ ಕಣ್ಣಮುಂದೆ ಬಂದವು. ಕಾನೂನು, ಕರಾರು ಎಲ್ಲ ಮರೆತುಹೋಗಿ, "ನಮ್ಮ ಮೊಮ್ಮಗಳಿಗೆ ಉಸಿರಾಟದ ತೊಂದರೆ. ಇದು ಅವಳಿಗಾಗಿ ಸಲ್ಲಿಸುವ ಪ್ರಾರ್ಥನೆ. ಇದನ್ನು ಅಳಿಸಿದರೆ ನನ್ನ ಹೆಂಡತಿ ತಡೆದುಕೊಳ್ಳಲಾರಳು" ಎಂದು ಇಂಗ್ಲಿಷಿನಲ್ಲಿ ತೊದಲಿದರು.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಪಶ್ಚಿಮದಲ್ಲಿ ಕಪ್ಪಾಗುತ್ತಿದ್ದ ಮೋಡ ನೋಡಿದ. "ಸಂಜೆ ಮಳೆ ಇದೆ. ಹಚ್ಚಿದ್ದು ಹಾಗೇ ಇರಲಿ, ಅದೇ ತೊಳೆದುಕೊಂಡು ಹೋಗುತ್ತೆ. ಆದರೆ ಇನ್ನು ಒಂದು ಮೆಟ್ಟಿಲಿಗೂ ಬೇಡ" ಎಂದು ಹೇಳಿ ಕೆಳಗಿಳಿದ.

"ಅರ್ಧ ಹರಕೆ ಅಂತ ಎಲ್ಲಾದ್ರೂ ಉಂಟೇನ್ರೀ?" ಪದ್ಮ ಬಟ್ಟಲಿಗೆ ಸೆರಗು ಮುಚ್ಚಿದರು. "ಬಾ, ಹತ್ತೋದಾದ್ರೂ ಪೂರ್ತಿ ಹತ್ತೋಣ" ಎಂದು ಸತ್ಯನಾರಾಯಣ ಕೈಹಿಡಿದರು. ಪದ್ಮ ತಲೆ ತಗ್ಗಿಸಿಕೊಂಡೇ ಹತ್ತತೊಡಗಿದರು.

ನಾಲ್ಕು ಮೆಟ್ಟಿಲು ಹೋಗಿ ತಟ್ಟನೆ ನಿಂತರು. ಇನ್ನೊಂದು ಹತ್ತಿ ಬಗ್ಗಿ ನೋಡಿದರು. ಮತ್ತೊಂದು ಹತ್ತಿದರು. ಆಮೇಲೆ ಗಂಡನ ಕೈಬಿಟ್ಟು ಬೇಗ ಬೇಗ ಹತ್ತಿದರು. ಏನಾಯಿತೋ ಎಂದು ಸತ್ಯನಾರಾಯಣ ಏದುಸಿರು ಬಿಡುತ್ತ ಹಿಂಬಾಲಿಸಿದರು.

ನೆತ್ತಿಯಲ್ಲಿ ನಾಲ್ಕಾರು ಜನ ನೀರು ಕುಡಿಯುತ್ತ, ಕೆಳಗೆ ಚಾಪೆಯಂತೆ ಹಾಸಿದ ಕಾಡನ್ನು ನೋಡುತ್ತಿದ್ದರು. ಪದ್ಮ ಅತ್ತ ತಿರುಗಲೂ ಇಲ್ಲ. ಕೊನೆಯ ಮೆಟ್ಟಿಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದರು. ಕಲ್ಲಿನ ಮೇಲೆ ಶೂ ಅಟ್ಟೆಯ ಅರ್ಧ ಅಚ್ಚು. ಅದರಂಚಿಗೆ ಮಾಸಲು ಹಳದಿ, ರಾಗಿಕಾಳಿನಷ್ಟು ಕೆಂಪು. ಸತ್ಯನಾರಾಯಣ ಹಿಂದಿರುಗಿ ನೋಡಿದರು. ತಾವು ಹತ್ತಿ ಬಂದ ಒಂದೊಂದು ಮೆಟ್ಟಿಲ ಮೇಲೂ ಅಂಥದೇ ಗುರುತು, ಕೆಳಗೆ ಹೋದಂತೆ ಗಾಢವಾಗಿ. ಇವರು ಬಂದಾಗಿನಿಂದ ಹತ್ತಿಳಿಯುತ್ತಿದ್ದ, ಕಿವಿಗೆ ಹಾಡು ಸಿಕ್ಕಿಸಿಕೊಂಡ ತೆಳ್ಳನೆಯ ಹುಡುಗಿಯೊಬ್ಬಳು ಇವರನ್ನು ದಾಟಿ ಮತ್ತೆ ಕೆಳಗೆ ಹೊರಟಿದ್ದಳು; ಅವಳ ಶೂವಿನ ಅಂಚೂ ಹಳದಿಯಾಗಿತ್ತು.

"ರೀ, ಬೇಗ ಹೋಗಿ ಆ ಹುಡುಗಿ ಹೆಸರು ಕೇಳ್ಕೊಂಡು ಬನ್ನಿ" ಎಂದರು ಪದ್ಮ.

"ಹೆಸರು ಯಾಕೆ?"

"ಹರಕೆ ತೀರಿಸಿದ್ದು ಯಾರು ಅಂತ ತಾಯಿಗೆ ಹೇಳ್ಬೇಡ್ವಾ?"