ಒಬ್ಬರೂ ಬರಲಿಲ್ಲ

ಮೂರನೇ ದಿನದ ಜಿಯಾರತ್ ಪ್ರಾರ್ಥನೆ ಮುಗಿದರೂ ಗೌಸ್ ಪೀರ್ ಬಾಗಿಲನ್ನೇ ನೋಡುತ್ತಿದ್ದ. ಮಗಳು ಶಿಫಾಗೆ ಮಣ್ಣು ಕೊಟ್ಟು ಬಂದಾಗಿನಿಂದ ಅವನ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಬೀದಿಗೆ ಬೀದಿಯೇ ಬಂದು ಹೋಗಿತ್ತು. ಅವನಿಗೆ ಬೇಕಾದ ಮೂವರು ಮಾತ್ರ ಬಂದಿರಲಿಲ್ಲ. ಹೊಸದುರ್ಗದ ರಂಗೇಶ್, ಹಿರಿಯೂರಿನ ಪ್ರಭು, ಹೊಳಲ್ಕೆರೆಯ ಶೋಭಾರಾಣಿ.

ಎಂಥ ಜನರಪ್ಪ! ಚಿತ್ರದುರ್ಗಕ್ಕೆ ಬರಲು ಒಂದು ಬಸ್ಸು ಸಾಕು. ಬರುವುದಿರಲಿ, ವಾಟ್ಸಾಪಿನಲ್ಲಿ ಅಂದೇ ಸುದ್ದಿ ಹಾಕಿದ್ದರೂ ಎರಡು ಅಕ್ಷರದ ಉತ್ತರವೂ ಇಲ್ಲ.

ಆ ಮೂವರ ಮುಖ ಅವನು ಕಂಡಿರಲಿಲ್ಲ. ಎರಡು ವರ್ಷದ ಹಿಂದೆ ಹೆಂಡತಿ ಮಹಮೂದಾ ತೀರಿಕೊಂಡ ಮೇಲೆ, ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ಊದುವುದನ್ನು ಬಿಟ್ಟಿದ್ದ. ಉಂಡರೆ ರುಚಿ ತಿಳಿಯದು, ಬೈದರೆ ಕೋಪ ಬಾರದು. ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಶಿಫಾ ಒಂದು ದಿನ ಅವನ ಫೋನು ಕಸಿದುಕೊಂಡು ಏನೇನೋ ಒತ್ತಿದಳು.

"ಅಬ್ಬಾ, ನಿಮ್ಮಂಗೇ ಹಾಡಿನ ಹುಚ್ಚು ಇರೋರು ಮೂರು ಜನ ಅವ್ರೆ ಇದ್ರಾಗೆ. ಫೋನ್ ಮಾಡಂಗಿಲ್ಲ, ಬರೀ ಬರೆಯೋದು. ಗುಂಪಿನ ನಿಯಮ ಅದು."

ಮೂವರೂ ಸೇರಿ ಅವನಿಗೆ ಪ್ರೋಗ್ರೆಸಿವ್ ರಾಕ್ ಸಂಗೀತದ ಹುಚ್ಚು ಹತ್ತಿಸಿದರು. ಟಿನ್ ಮೆರಿಡಿಯನ್ ಎಂಬ ಇಂಗ್ಲಿಷರ ತಂಡ. ಒಂದೊಂದು ಹಾಡೂ ಇಪ್ಪತ್ತು ನಿಮಿಷ.

"ಇಷ್ಟೊತ್ತಿಗೆ ನಮ್ ಬ್ಯಾಂಡು ಮದುಮಗನ್ನ ಮನೆ ಮುಟ್ಸಿ ಊಟಕ್ಕೆ ಕುಂತಿರ್ತಿತ್ತು" ಎಂದು ಗೌಸ್ ಬರೆದ.

"ಏನಪ್ಪ ಗೌಸಣ್ಣ, ಊಟ ಎಲ್ಲಿಗೋಗ್ತೈತೆ, ಮೊದ್ಲು ಕೇಳಪ್ಪ" ಎಂದು ರಂಗೇಶ್ ರೇಗಿಸಿದ. "ಒಂಬತ್ತನೇ ನಿಮಿಷಕ್ಕೆ ತಾಳ ಏಳಕ್ಕೆ ತಿರುಗ್ತೈತೆ, ಎಣಿಸ್ರಿ" ಎಂದು ಬರೆದವನು ಪ್ರಭು. ಗೌಸ್ ಎಣಿಸಿದ. ಮೂರು ಸಲ ತಪ್ಪಿದ. ನಾಲ್ಕನೇ ಸಲ ಸಿಕ್ಕಾಗ ಕೋಣೆಯಲ್ಲಿ ಒಬ್ಬನೇ ನಕ್ಕುಬಿಟ್ಟ. "ಕೇಳಿದ್ದು ಸಾಕು, ಬೀಪಿ ಮಾತ್ರೆ ನುಂಗಿದ್ರಾ?" ಇದು ಶೋಭಾರಾಣಿ. ಟೀಚರಮ್ಮ, ಅವಳ ಬುದ್ಧಿಯೇ ಇಷ್ಟು ಎಂದು ಗೊಣಗಿಕೊಂಡೇ ನುಂಗಿದ.

ವರ್ಷದೊಳಗೆ ಆ ತಂಡದ ಹಾಡೆಲ್ಲ ಬಾಯಿಪಾಠವಾಯಿತು. ಕ್ಲಾರಿನೆಟ್ಟಿನ ಧೂಳು ಹೋಯಿತು. ಏಳರ ತಾಳದ ತುಣುಕೊಂದನ್ನು ಊದಿ ಕಳಿಸಿದ. ಮೂವರೂ ಒಬ್ಬರಾದ ಮೇಲೊಬ್ಬರು ಹೊಗಳಿದರು. ಅಡಿಗೆ ಮನೆಯಲ್ಲಿ ಶಿಫಾ ಫೋನು ಹಿಡಿದು ತನ್ನಷ್ಟಕ್ಕೆ ನಗುತ್ತಿದ್ದಳು. ಯಾರೋ ಹುಡುಗನಿರಬೇಕು, ತಾನಾಗಿ ಹೇಳಲಿ ಎಂದು ಗೌಸ್ ಸುಮ್ಮನಾದ.

ಆಮೇಲೆ ಅವಳಿಗೆ ಡೆಂಗಿ. ಅಂಗಡಿಯಲ್ಲೇ ಕುಸಿದವಳನ್ನು ನೇರ ದಾವಣಗೆರೆ ಆಸ್ಪತ್ರೆಗೆ ಒಯ್ದರು. ಐದೇ ದಿನ.

ಈಗ ಮತ್ತೆ ಮೈಯೆಲ್ಲ ಮರಗಟ್ಟಿದಂತಾಗಿತ್ತು. ಮೂವರಲ್ಲಿ ಒಬ್ಬರು ಮಾತಾಡಿದರೂ ಹೇಗೋ ಬದುಕಿಕೊಳ್ಳುತ್ತೇನೆ, ಇಲ್ಲದಿದ್ದರೆ ನನ್ನ ಕೈಲಾಗದು. ಇಷ್ಟು ಮಾತ್ರ ಅವನಿಗೆ ಖಚಿತವಾಗಿ ಗೊತ್ತಿತ್ತು.

ಮೊಬೈಲ್ ಅಂಗಡಿಯ ಮಾಲೀಕ ರಾಜಕುಮಾರ್ ಶಿಫಾಳ ಚೀಲ ಹಿಡಿದು ಒಳಗೆ ಬಂದ.

"ಜ್ವರ ಬಂದ ದಿನ ಅಂಗಡೀಲೇ ಬಿಟ್ಟಿದ್ಲು, ಗೌಸ್ ಭಾಯ್. ಗಿರಾಕಿಗಳವೇನೋ ಅಂತ ಚಾರ್ಜ್ ಹಾಕಿ ನೋಡ್ದೆ. ಅಲ್ಲ. ನೀವೇ ಇಟ್ಕಳ್ರಿ."

"ಕುಂತ್ಕಳ್ರಿ" ಎಂದ ಗೌಸ್. ರಾಜಕುಮಾರ್ ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲ, ಚೀಲದ ಕಡೆ ನೋಡಲೂ ಇಲ್ಲ. ಸಿಟ್ಟು ನೆತ್ತಿಗೇರಿತ್ತು. ಎರಡು ವರ್ಷದಲ್ಲಿ ಬಂದ ಮೊದಲ ಸಿಟ್ಟು. ಗುಂಪಿಗೆ ಬರೆದ: "ನನ್ ಶಿಫಾ ಹೋಗಿ ಮೂರು ದಿನ ಆತು. ಮನುಷ್ಯರೇನ್ರಪ್ಪ ನೀವು? ಒಬ್ರಾದ್ರೂ ಮಾತಾಡ್ರಿ." ಕಳಿಸಿದ.

ರಾಜಕುಮಾರನ ಕೈಯಲ್ಲಿದ್ದ ಚೀಲದೊಳಗೆ, ಒಂದರ ಹಿಂದೊಂದು, ಮೂರು ಫೋನುಗಳು ಟಿಣ್ ಎಂದವು.