ನೀಲವ್ವ ಓದದ ಓಟಿಪಿ

ರಾಣೆಬೆನ್ನೂರಿನಲ್ಲಿ ಮಹಾರುದ್ರಪ್ಪ ಅಂತ ಒಬ್ಬರು. ಬೀಜದ ಕಂಪನಿಯಲ್ಲಿ ದುಡಿದು ನಿವೃತ್ತರಾದವರು.

ಹೊಲ ಹೊಲ ತಿರುಗುವ ಕೆಲಸ. ಹದಿನಾಲ್ಕು ವರ್ಷ ಒಂದೇ ಕಾರು... ಬೇರೆ ಯಾರ ಕೈಗೂ ಸ್ಟೇರಿಂಗ್ ಕೊಟ್ಟವರಲ್ಲ.

ಹೋದ ವರ್ಷ ಅವರ ಕಣ್ಣು ಹೋಯಿತು. ಒಳಗೆ ಒತ್ತಡ ಏರಿ ನರವೇ ಸತ್ತಿದೆ, ಇನ್ನು ದೃಷ್ಟಿ ಬರುವುದಿಲ್ಲ ಅಂದರು ಡಾಕ್ಟರು.

ಅವತ್ತು ಅವರು ಅಳಲಿಲ್ಲ. ಆಮೇಲೂ ಅಳಲಿಲ್ಲ. ಬಡಿಸಿದರೆ ಉಂಡರು, ಹಾಸಿದರೆ ಮಲಗಿದರು...

ಬಿಸಿ ಚಹಾ ಕೈ ಮೇಲೆ ಚೆಲ್ಲಿದರೂ, ಸುಟ್ಟದ್ದು ಬೇರೆ ಯಾರದೋ ಕೈ ಎನ್ನುವಂತೆ ಕುಳಿತಿರುತ್ತಿದ್ದರು.

ದಿನಾ ಬೆಳಿಗ್ಗೆ ಪಕ್ಕದ ಮನೆಯವರು ಅವರನ್ನು ಮಠದ ಕಟ್ಟೆಗೆ ಬಿಟ್ಟು ಬರುತ್ತಿದ್ದರು. ಹನ್ನೊಂದರವರೆಗೆ ಅಲ್ಲೇ, ಗೋಡೆಗೆ ಒರಗಿ.

ಕಾರು ಮನೆಯೆದುರಿನ ಖಾಲಿ ಸೈಟಿನಲ್ಲಿ, ಹೊದಿಕೆಯ ಕೆಳಗೆ.

ಒಂದು ದಿನ ಹೆಂಡತಿ ನೀಲವ್ವಗೆ ಅಂದರು, "ಹಳೇ ಕಾರು ತಗೊಳ್ಳೋ ಆನ್‌ಲೈನ್ ಕಂಪನಿ ಐತಂತ. ಮನೀಗೇ ಬಂದು ಒಯ್ತಾರಂತ. ಫೋನ್ ಹಚ್ಚಿ ಕೊಡು."

"ಯಾಕ್ರಿ ಈಗ?"

"ಓಡ್ಸವ್ರಿಲ್ಲ, ಹೋಗ್ಲಿ. ಇನ್ನ ನಾನೂ ಎಲ್ಲಿಗೂ ಹೋಗಾಂವಲ್ಲ."

ನೀಲವ್ವ ಫೋನು ಕೈಗೆತ್ತಿಕೊಂಡಳು. ನಂಬರ್ ಒತ್ತುವ ಸಪ್ಪಳವಷ್ಟೇ ಕೇಳಿಸಿತು.

ಮೂರನೇ ದಿನ ಕಂಪನಿಯಿಂದ ಇಮ್ತಿಯಾಜ್ ಅನ್ನುವವರು ಬಂದರು. ಬಾಗಿಲು ತೆಗೆದು ಹಾಕಿದ ಸದ್ದು, ಬಾನೆಟ್ ಎತ್ತಿದ ಸದ್ದು, ಫೋಟೋ ಹೊಡೆದ ಸದ್ದು... ನಿಂತಲ್ಲೇ ಎಂಜಿನ್ ಚಾಲೂ ಮಾಡಿ ನೋಡಿದರು.

"ಒಂದೇ ಸೆಲ್ಫ್‌ಗೆ ಚಾಲೂ ಆತಲ್ರಿ ಅಜ್ಜಾರ! ವರ್ಷ ನಿಂತ ಗಾಡಿ ಅಂದ್ರ ಯಾರೂ ನಂಬಂಗಿಲ್ಲ."

ಮಹಾರುದ್ರಪ್ಪ ಅದನ್ನೂ ಸುಮ್ಮನೆ ಕೇಳಿಸಿಕೊಂಡರು. ಸಂತೋಷವೂ ಆಗಲಿಲ್ಲ, ಅನುಮಾನವೂ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಕಂಪನಿಯ ರೇಟು ಬಂತು, ಮಹಾರುದ್ರಪ್ಪ ಹೂಂ ಅಂದರು.

"ನಿಮ್ಮ ಫೋನಿಗೆ ಓಟಿಪಿ ಬಂದೈತ್ರಿ. ಅದನ್ನ ಹೇಳಿದ್ರ ಮುಗೀತು, ಗಾಡಿ ಇವತ್ತೇ ಒಯ್ತೀನಿ. ಹತ್ತು ನಿಮಿಷ ಅಷ್ಟ ಟೈಮು."

ಫೋನು ನೀಲವ್ವನ ಕೈಯಲ್ಲಿತ್ತು.

"ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವ್ರು ಹೇಳ್ಯಾರ," ಅಂದಳು ನೀಲವ್ವ.

"ಅದು ಕಳ್ಳರಿಗೆ ಹೇಳಬಾರ್ದು ಅವ್ವಾರ... ನಾ ಐಡಿ ಕಾರ್ಡ್ ಹಾಕ್ಕೊಂಡೀನಲ್ಲ!"

"ಓದು ನೀಲಾ," ಅಂದರು ಮಹಾರುದ್ರಪ್ಪ.

"ಓದಂಗಿಲ್ಲ."

ನೀಲವ್ವ ಅವರ ಕೈ ಹಿಡಿದು ಗಾಲಿಯ ಹತ್ತಿರ ಕರೆತಂದಳು.

"ಹೋದ ಅಮಾಸಿಗೆ ಗಾಲಿಗೆ ನಿಂಬಿಹಣ್ಣು ಇಟ್ರಲ್ಲ. ಮುಟ್ಟಿ ನೋಡ್ರಿ."

ಆ ಕಡೆ ಅಮಾವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಮಾಡುತ್ತಾರೆ. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಗಾಡಿ ಅವುಗಳ ಮೇಲೆ ಹಾಯಬೇಕು. ಕಣ್ಣು ಹೋದ ಮೇಲೂ ಮಹಾರುದ್ರಪ್ಪ ತಡವಿ ತಡವಿ ಹಣ್ಣು ಇಡುತ್ತಿದ್ದರು. ನಿಂತ ಗಾಡಿ... ಹಣ್ಣು ಅಲ್ಲೇ ಒಣಗುತ್ತದೆ ಎಂದು ಗೊತ್ತಿದ್ದೂ, ರೂಢಿ ಬಿಟ್ಟಿರಲಿಲ್ಲ.

ಕುಕ್ಕರಗಾಲಲ್ಲಿ ಕೂತು ಮುಂದಿನ ಗಾಲಿಯ ಹತ್ತಿರ ಕೈಯಾಡಿಸಿದರು. ಗುಂಡನೆಯ ಹಣ್ಣು ಸಿಗಲಿಲ್ಲ.

ಸಿಕ್ಕದ್ದು ಮಣ್ಣಿಗೆ ಅಂಟಿ, ಹಪ್ಪಳದಂತೆ ಒಣಗಿದ ಸಿಪ್ಪೆ. ಅದರ ಮೇಲೆ ಗಾಲಿ ಹಾಯ್ದು ಎಷ್ಟೋ ದಿನವಾಗಿತ್ತು.

"ಯಾರು ಓಡ್ಸಿದ್ರು?"

"ನಾನ."

ಮಹಾರುದ್ರಪ್ಪ ಸಿಪ್ಪೆಯನ್ನು ಬೆರಳಲ್ಲಿ ಕೆರೆದರು.

"ನೀವು ಮಠದಾಗ ಕುಂತಾಗ. ಐದು ತಿಂಗಳಾತು. ಡ್ರೈವಿಂಗ್ ಸ್ಕೂಲಿನ ಅಕ್ಕಾರು ಬಂದು ಇದ ಗಾಡಿಮ್ಯಾಲ ಕಲಿಸ್ಯಾರ."

"ನನಗ್ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿನ್ನ ಕೈಗೆ ಕೊಟ್ರ ಗಾಡಿ ಸೀದಾ ಗೋವಿನಜೋಳದಾಗ ಹೊಕ್ಕತೈತಿ ಅಂತ ಹದಿನಾಲ್ಕು ವರ್ಷ ನಕ್ಕೀರಿ. ಲೈಸೆನ್ಸ್ ಕೈಗೆ ಬಂದ ಮ್ಯಾಲೆ ಹೇಳೂಣು ಅಂತ ಕಾದೆ. ನಿನ್ನಿ ಪೋಸ್ಟಿಗೆ ಬಂತು."

ಆಮೇಲೆ ಅಂದಳು, "ರಿವರ್ಸ್ ಒಂದು ಇನ್ನೂ ಬರವಲ್ದು. ಬೈಯಾಕ ಪಕ್ಕದಾಗ ಒಬ್ಬರು ಬೇಕು."

ಇಮ್ತಿಯಾಜ್ ಮೆಲ್ಲಗೆ ಅಂದರು, "ಟೈಮ್ ಮುಗೀತ್ರಿ ಅಜ್ಜಾರ... ಓಟಿಪಿ ಮತ್ತ ಕಳಸ್ಲ್ಯಾ?"

ಮಹಾರುದ್ರಪ್ಪ ಎದ್ದರು. ರೂಢಿಯಂತೆ ಕೈ ಬಲಗಡೆಯ ಬಾಗಿಲಿಗೆ ಹೋಯಿತು.

ಅಲ್ಲಿ ನೀಲವ್ವ ನಿಂತಿದ್ದಳು.

ಅವರು ಬಾನೆಟ್ ಮೇಲೆ ಕೈಯಿಟ್ಟು, ಕಾರಿನ ಮೂತಿಯನ್ನು ಸುತ್ತಿ, ಹೆಜ್ಜೆ ಹೆಜ್ಜೆಯಾಗಿ ಎಡಗಡೆಗೆ ನಡೆದರು. ಹದಿನಾಲ್ಕು ವರ್ಷದಲ್ಲಿ ಆ ಸೀಟಿನಲ್ಲಿ ಒಮ್ಮೆಯೂ ಕೂತವರಲ್ಲ.

ಕೂತರು. ಒಳಗೆ ಇನ್ನೂ ಮರಗಟ್ಟಿದಂತೆಯೇ ಇತ್ತು. ಏನೂ ಅನ್ನಿಸಲಿಲ್ಲ... ಮುಂಗೈ ಮೇಲೆ ಹನಿ ಬೀಳುತ್ತಿರುವುದು ಮಾತ್ರ ಗೊತ್ತಾಯಿತು.

"ಎಸಿ ನೀರು ಸೋರಾಕತ್ತೈತಿ ನೋಡು."

ನೀಲವ್ವ ಸೆರಗಿನಿಂದ ಅವರ ಕೆನ್ನೆ ಒರೆಸಿದಳು.

"ಎಸಿ ನಾ ಹಚ್ಚೇ ಇಲ್ರಿ... ಬೆಲ್ಟ್ ಹಾಕ್ಕೋರಿ."

*

ನಮ್ಮ ಕೈಯಲ್ಲಿ ಆಗದು ಅಂದಮಾತ್ರಕ್ಕೆ ಎಲ್ಲವೂ ಮುಗಿಯಿತು ಅಂದುಕೊಳ್ಳಬೇಡಿ. ಪಕ್ಕದಲ್ಲಿರುವವರನ್ನೂ ಒಂದು ಮಾತು ಕೇಳಿ.

ನಿಮ್ಮ ಮನೆಯಲ್ಲಿ ನಿಮಗೋಸ್ಕರ ಯಾರು, ಏನನ್ನು, ನಿಮಗೇ ಗೊತ್ತಾಗದಂತೆ ಕಲಿಯುತ್ತಿದ್ದಾರೆ... ಎಂದಾದರೂ ಯೋಚಿಸಿದ್ದೀರಾ?