ಏಳು ಮೆಣಸಿನಕಾಯಿ

ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದಿಲ್ಲವೆಂದು ನೀಲಗಂಗವ್ವ ಸಾಯುವ ತಾಯಿಯ ಕೈಮುಟ್ಟಿ ಮಾತು ಕೊಟ್ಟಿದ್ದಳು. ಇಪ್ಪತ್ತು ವರ್ಷ ಆ ಮಾತು ಹೇಗೋ ನಡೆದಿತ್ತು. ತಂಗಿ ಪಾರ್ವತವ್ವನ ಮನೆಗೆ ಮಾಳಿಗೆ ಎದ್ದಾಗಲೂ ನಡೆದಿತ್ತು, ರೇಡಿಯೋ ಬಂದಾಗಲೂ ನಡೆದಿತ್ತು. ಆದರೆ ಹೋದ ಬೇಸಿಗೆಯಲ್ಲಿ ತಂಗಿಯ ಗಂಡ ಅಂದಾನಪ್ಪ ಮುಂಬಯಿಯಿಂದ ತಂಪುಗಾಳಿಯ ಮಷೀನು ತಂದು ಮಲಗುವ ಕೋಣೆಯ ಕಿಟಕಿಗೆ ಕೂಡಿಸಿದ. ಇಡೀ ಶಿರಸಿಯಲ್ಲಿ ಅಂಥದ್ದು ಮತ್ತೊಂದಿರಲಿಲ್ಲ. ಅದರ ಗುಂಯ್ ಸದ್ದು ಕೇಳಿದರೆ ಸಾಕು, ಎದುರು ಮನೆಯ ನೀಲಗಂಗವ್ವನ ಬೀಸಣಿಗೆ ಹಿಡಿದ ಕೈ ನಿಂತುಬಿಡುತ್ತಿತ್ತು.

ಆ ಮಷೀನು ಈಗ ತಂಪು ಕೊಡುವುದನ್ನು ಬಿಟ್ಟಿತ್ತು. ಸುದ್ದಿ ಕೇಳಿ ನೀಲಗಂಗವ್ವನಿಗೆ ಮೊದಲು ಬಂದದ್ದು ನಗು. ಅದರ ಬೆನ್ನಿಗೇ ಹೆದರಿಕೆ: ನನ್ನ ಕಣ್ಣೇ ತಾಗಿತೇನೋ! ಸೆರಗು ಹೊದ್ದು ಓಡಿದಳು.

ರೇಡಿಯೋ ರಿಪೇರಿಯ ಅನಂತಮೂರ್ತಿ ಸ್ಟೂಲು ಹತ್ತಿ ಮಷೀನಿನ ಮುಖ ಬಿಚ್ಚಿದ್ದ. ಅವನೂ ಅಂಥದ್ದನ್ನು ಮುಟ್ಟಿದ್ದು ಅದೇ ಮೊದಲು. ಒಳಗಿನ ಜಾಲರಿ ಎಳೆದು ಕಿಟಕಿಯ ಕಡೆ ಹಿಡಿದರೆ ಬೆಳಕೇ ತೂರಲಿಲ್ಲ. ಹಂಚಿನ ತಳದಂತೆ ಮಸಿ ಮೆತ್ತಿತ್ತು.

“ಇದು ಉಸಿರಾಡುದೇ ಇದರಲ್ಲಿ ಅಮ್ಮಾ. ಎಂತ ಸುಡ್ತೀರಿ ಇಲ್ಲಿ?”

“ಏನಿಲ್ಲರಿ,” ಎಂದಳು ಪಾರ್ವತವ್ವ. “ಮಂಗಳವಾರಕ್ಕೊಮ್ಮೆ ಲೋಬಾನ ಹಾಕಿ, ಏಳು ಮೆಣಸಿನಕಾಯಿ ನಿವಾಳಿಸಿ, ಇದರ ಬುಡಕ್ಕ ಸುಡತೀನಿ. ಕಣ್ಣು ತಾಗಬಾರದಂತ.”

“ಯಾರ ಕಣ್ಣು?” ಅನಂತಮೂರ್ತಿ ನಕ್ಕ.

ಪಾರ್ವತವ್ವ ಅಕ್ಕನನ್ನು ನೋಡಿದಳು. ತಟ್ಟನೆ ಮುಖ ಗೋಡೆಗೆ ತಿರುಗಿಸಿದಳು.

ನೀಲಗಂಗವ್ವನ ಗಂಡನದು ಕಿರಾಣಿ ಅಂಗಡಿ. “ಅಕ್ಕಾ, ನಿಮ್ಮ ಅಂಗಡ್ಯಾಗಿನ ಮೆಣಸಿನಕಾಯಿ ಘಾಟು ಚಲೋ, ಒಂದ ಏಳು ಕೊಡ” ಎಂದು ಮಂಗಳವಾರ ತಪ್ಪದೆ ಬಂದು ಒಯ್ಯುತ್ತಿದ್ದವಳು ಇವಳೇ. ಸಾರಿಗಿರಬೇಕೆಂದು ತಿಳಿದು, ತೊಟ್ಟು ಮುರಿಯದವನ್ನೇ ಆರಿಸಿ ಕೊಟ್ಟವಳು ತಾನೇ.

ನೀಲಗಂಗವ್ವ ಜಾಲರಿ ಇಸಿದುಕೊಂಡು ಹೋಗಿ, ಹಿತ್ತಲ ಕಲ್ಲಿನ ಮೇಲೆ ಸೀಗೆಪುಡಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ ತಂದಳು. ಅದನ್ನು ಕೂಡಿಸಿದ ಸ್ವಲ್ಪ ಹೊತ್ತಿಗೆ ಕೋಣೆ ತಣ್ಣಗಾಯಿತು.

“ಹದಿನೈದು ದಿನಕ್ಕೊಮ್ಮೆ ಹೀಂಗೇ ತೊಳೀರಿ. ಹೊಗೆ ಮಾತ್ರ ಬೇಡ,” ಎಂದು ಅನಂತಮೂರ್ತಿ ಹೊರಟ.

“ಬಾ ಅಕ್ಕಾ, ಮೊದಲಿನ ಗಾಳಿ ನಿಂದು,” ಎಂದು ಪಾರ್ವತವ್ವ ಅವಳನ್ನು ಮಂಚದ ಮೇಲೆ ಕೂಡಿಸಿದಳು. ಬೆವರಿದ ಕುತ್ತಿಗೆಗೆ ತಂಪು ತಾಗಿತು. ಅದು ಎಷ್ಟು ಹಿತವಾಗಿತ್ತೆಂದರೆ ನೀಲಗಂಗವ್ವನಿಗೆ ಅಳು ಬಂತು. ಇವಳು ವರ್ಷವಿಡೀ ಇದರಲ್ಲಿ ಮಲಗಿದ್ದಳು!

ಮುಂದಿನ ಮಂಗಳವಾರ ತಂಗಿ ಮೆಣಸಿನಕಾಯಿ ಕೇಳಲು ಬರಲಿಲ್ಲ. ನೀಲಗಂಗವ್ವನೇ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

“ಹೊಗೀ ಬ್ಯಾಡ ಅಂದಾರಲ್ಲ ಅಕ್ಕಾ?”

“ರೇಡಿಯೋ ಬಿಚ್ಚಾವಗ ಕಣ್ಣಿನ ಸಂಗತಿ ಏನ ತಿಳೀತೈತಿ, ಹುಚ್ಚಿ? ಊರ ಕಣ್ಣು ಭಾಳ ಕೆಟ್ಟದ್ದು. ಸುಡು.”

ಸೆರಗು ಬಿಚ್ಚಿದಾಗ ಹದಿನಾಲ್ಕಿದ್ದವು. ತಾಯಿಗೆ ಕೊಟ್ಟ ಮಾತು ಆ ಮಂಗಳವಾರ ಮುರಿಯಿತು.